ಹಿಮ ಬೀಳುವ ಊರಿನಲ್ಲಿ ಕುಂಡದ ನಿಂಬೆ: ಗಿಡ ಆರಿಸುವುದರಿಂದ ಹಣ್ಣು ಕೊಯ್ಯುವವರೆಗೆ

ಲಂಡನ್, ಮ್ಯೂನಿಕ್, ಟೊರಾಂಟೊ, ಶಿಕಾಗೊ ಕಡೆಯ ಕನ್ನಡದ ಮನೆಗಳಲ್ಲಿ ನಿಂಬೆ ಗಿಡದ ಪಾಡು ಹೆಚ್ಚುಕಮ್ಮಿ ಒಂದೇ. ಬೇಸಿಗೆಯಲ್ಲಿ ಗಾರ್ಡನ್ ಸೆಂಟರಿನಿಂದ ತಂದ ಗಿಡ ಹೂ ಬಿಟ್ಟು ಮನೆಯೆಲ್ಲ ಘಮಘಮಿಸುತ್ತದೆ. ಅಕ್ಟೋಬರಿನಲ್ಲಿ ಅದನ್ನು ಒಳಗೆ ತಂದು ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡುತ್ತಾರೆ. ಡಿಸೆಂಬರಿನ ಹೊತ್ತಿಗೆ ಹಸಿರೆಲೆಗಳೇ ಉದುರತೊಡಗಿ, ಜನವರಿಗೆ ಮುಳ್ಳುಕಡ್ಡಿ ಮಾತ್ರ ಉಳಿಯುತ್ತದೆ. ನೀರು ಸಾಲದಾಯಿತೇನೋ ಎಂದು ಇನ್ನಷ್ಟು ಹಾಕುತ್ತಾರೆ, ಆಗ ಬೇರೂ ಕೊಳೆಯುತ್ತದೆ.

ಮನೆಯೊಳಗಿದ್ದ ಗಿಡ ಹೀಗೆ ಸಾಯಲು ಕಾರಣ ಎಲೆಗೆ ಬಿಸಿಲು, ಬೇರಿಗೆ ಚಳಿ ಎರಡೂ ಏಕಕಾಲಕ್ಕೆ ತಗಲುವುದು. ಮಣ್ಣಿನ ಉಷ್ಣಾಂಶ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನಿಂಬೆ ಜಾತಿಯ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ, ನೀರು ಹೀರುವುದೂ ತೀರಾ ಕಡಿಮೆಯಾಗುತ್ತದೆ. ಅತ್ತ ಗಾಜಿನಿಂದ ಬರುವ ಬಿಸಿಲಿಗೆ ಬೆಚ್ಚಗಾದ ಎಲೆ ಒಂದೇ ಸಮನೆ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಿರುತ್ತದೆ. ತಣ್ಣನೆಯ ನೆಲದ ಮೇಲೆ ಕೂತ ಕುಂಡದ ಬೇರಿಗೆ ಅಷ್ಟು ನೀರು ಒದಗಿಸಲು ಆಗುವುದಿಲ್ಲ. ಗಿಡ ಜೀವ ಉಳಿಸಿಕೊಳ್ಳಲು ಎಲೆ ಕೆಡವುತ್ತದೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ, ಕುಂಡ ಎಲ್ಲಿಡಬೇಕು, ಯಾವಾಗ ನೀರು ಹಾಕಬೇಕು, ಯಾವ ತಳಿ ಕೊಳ್ಳಬೇಕು ಎಂಬ ಮುಂದಿನ ತೀರ್ಮಾನಗಳೆಲ್ಲ ಸಲೀಸಾಗುತ್ತವೆ.

ಯಾವ ಗಿಡ ಕೊಳ್ಳಬೇಕು

ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ನಮಗೆ ಬೇಕಾದ ತೆಳುಸಿಪ್ಪೆಯ ಕಾಗದಿ ನಿಂಬೆಯೇ ಇಡೀ ಕುಲದಲ್ಲಿ ಚಳಿಗೆ ಅತ್ಯಂತ ಸೂಕ್ಷ್ಮ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಬಿಸಿಲಿನಲ್ಲಿ ಸೊಗಸಾಗಿ ಬೆಳೆಯುವ ಈ ಗಿಡ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೆ ಸುಟ್ಟಂತಾಗುತ್ತದೆ. ಮಾದಲವೂ ಅಷ್ಟೇ. ಹಳದಿ ಲೆಮನ್ ಸುಮಾರು ಮೈನಸ್ 3, ಮೇಯರ್ ಲೆಮನ್ ಮೈನಸ್ 5, ಕಮ್‌ಕ್ವಾಟ್ ಮತ್ತು ಸತ್ಸುಮಾ ಕಿತ್ತಳೆ ಮೈನಸ್ 7ರ ಆಸುಪಾಸು, ಜಪಾನಿನ ಯುಜು ಮೈನಸ್ 10ಕ್ಕೂ ಕೆಳಗೆ ತಡೆಯುತ್ತವೆ. ಇದು ನೆಲದಲ್ಲಿ ಬೇರೂರಿ, ಮೆಲ್ಲಮೆಲ್ಲನೆ ಚಳಿಗೆ ಹೊಂದಿಕೊಂಡ ದೊಡ್ಡ ಮರದ ಲೆಕ್ಕ. ಕುಂಡದಲ್ಲಿ ಬೇರೇ ಹೆಪ್ಪುಗಟ್ಟುವುದರಿಂದ ಈ ಅಂಕಿಗಳನ್ನು ನಂಬಿ ಕುಂಡವನ್ನು ಹಿಮದಲ್ಲಿ ಬಿಡಬೇಡಿ.

ಮೊದಲ ಗಿಡವಾದರೆ ಮೇಯರ್ ಲೆಮನ್ ಅಥವಾ ಕ್ಯಾಲಮೊಂಡಿನ್ ಕೊಳ್ಳಿ. ಮೇಯರ್ ಗಿಡವನ್ನು 1908ರಲ್ಲಿ ಗಿಡ ಸಂಗ್ರಾಹಕ ಫ್ರಾಂಕ್ ಮೇಯರ್ ಚೀನಾದಿಂದ ಅಮೆರಿಕಕ್ಕೆ ತಂದರು. ಆ ಹಳೆಯ ತಳಿಯೊಳಗೆ ವೈರಸ್ ರೋಗ ಅಡಗಿದ್ದುದರಿಂದ 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ರೋಗಮುಕ್ತ ‘ಇಂಪ್ರೂವ್ಡ್ ಮೇಯರ್’ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಕೊಳ್ಳುವಾಗ ಚೀಟಿಯಲ್ಲಿ ಆ ಹೆಸರಿರಬೇಕು. ಅದರ ಹಣ್ಣಿನ ಹುಳಿ ಕೊಂಚ ಮೆದು, ರಸ ಧಾರಾಳ. ಕ್ಯಾಲಮೊಂಡಿನ್ ಹಣ್ಣು ಗೋಲಿಗಿಂತ ಸ್ವಲ್ಪ ದೊಡ್ಡದು, ಹುಳಿ ಚುರುಕು. ಉಪ್ಪಿನಕಾಯಿಗೆ ಇಡಿಯಾಗಿಯೇ ಹಾಕಬಹುದು. ಕಾಗದಿ ನಿಂಬೆಯೇ ಬೇಕೆಂದರೆ ಬೆಳೆಯಬಹುದು, ಆದರೆ ಚಳಿಗಾಲದುದ್ದಕ್ಕೂ ಅದಕ್ಕೆ ಬೆಚ್ಚನೆ ಜಾಗ, ದೀಪ ಎರಡೂ ಬೇಕು.

ಬೀಜ ಹಾಕಿ ಬೆಳೆಸುವ ಆಸೆ ಎಲ್ಲರಿಗೂ ಇರುತ್ತದೆ. ಕಾಗದಿ ನಿಂಬೆ ಬೀಜದಿಂದ ಬಹುಮಟ್ಟಿಗೆ ತಾಯಿಯಂಥದೇ ಗಿಡ ಬರುತ್ತದೆ, ಚಕ್ಕೋತದಲ್ಲಿ ಹಾಗಲ್ಲ. ಆದರೆ ಬೀಜದ ಸಸಿ ಒಂದು ಎತ್ತರಕ್ಕೆ ಬೆಳೆದು, ಸಾಕಷ್ಟು ಗಿಣ್ಣು ದಾಟಿದ ಮೇಲಷ್ಟೇ ಹೂ ಬಿಡುತ್ತದೆ. ತಂಪು ದೇಶದ ಬೆಳವಣಿಗೆಯ ಕಾಲ ಚಿಕ್ಕದು. ಜೊತೆಗೆ ಕಿಟಕಿಗೆ ತಾಗಿತೆಂದು ಪ್ರತಿ ವರ್ಷ ತುದಿ ಕತ್ತರಿಸುತ್ತ ಹೋದರೆ ಹೂ ಇನ್ನೂ ದೂರವಾಗುತ್ತದೆ. ಹಣ್ಣು ಬೇಕೆಂದರೆ ಕಸಿ ಗಿಡವನ್ನೇ ಕೊಳ್ಳಿ. ಮೂರೆಸಳಿನ ಎಲೆಯ ತ್ರಿಪರ್ಣಿ ಕಿತ್ತಳೆಯ ಬೇರುಸಸಿಯ (ಬೇರು ಕೊಡುವ ಕೆಳಗಿನ ಗಿಡದ) ಮೇಲೆ ಕಸಿ ಮಾಡಿದ್ದರೆ ಉತ್ತಮ: ಅದು ಚಳಿ ತಾಳಿಕೊಳ್ಳುತ್ತದೆ, ಗಿಡವನ್ನು ಗಿಡ್ಡವಾಗಿಯೂ ಇಡುತ್ತದೆ.

ಊರಿನಿಂದ ಸಸಿ, ಕಸಿಕಡ್ಡಿ, ಕೊನೆಗೆ ಹಸಿ ಕರಿಬೇವಿನ ಎಸಳನ್ನೂ ಸೂಟ್‌ಕೇಸಿನಲ್ಲಿ ತರಬೇಡಿ. ಅಮೆರಿಕ, ಬ್ರಿಟನ್, ಯುರೋಪು ಇದಕ್ಕೆ ತಡೆ ಹಾಕಿರುವುದಕ್ಕೆ ಗಟ್ಟಿ ಕಾರಣವಿದೆ. ನಿಂಬೆ ಜಾತಿಯ ಮರಗಳನ್ನು ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಪುಟ್ಟ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಏಕೆಂದರೆ ಕರಿಬೇವು ನಿಂಬೆಯ ಕುಟುಂಬದ್ದೇ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿತು, ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಅಮೆರಿಕದೊಳಗೂ ನಿರ್ಬಂಧವಿರುವ ರಾಜ್ಯಗಳಿಂದ ಗಿಡ ಸಾಗಿಸುವಂತಿಲ್ಲ. ಹತ್ತಿರದ, ಪರವಾನಗಿಯಿರುವ ನರ್ಸರಿಯಲ್ಲೇ ಕೊಳ್ಳಿ.

ಕುಂಡ ಮತ್ತು ಮಿಶ್ರಣ

ಗಿಡ ಬಂದ ಕುಂಡಕ್ಕಿಂತ ಐದು ಸೆಂಟಿಮೀಟರು ಮಾತ್ರ ಅಗಲವಾದ ಕುಂಡ ಸಾಕು. ದೊಡ್ಡ ಕುಂಡಕ್ಕೆ ಒಮ್ಮೆಗೇ ಹಾಕಿದರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇದ್ದು ಹುಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಒಂದೊಂದು ಅಳತೆ ಏರಿಸುತ್ತ 40–45 ಸೆಂಟಿಮೀಟರಿಗೆ ನಿಲ್ಲಿಸಿ. ಅದಕ್ಕಿಂತ ದೊಡ್ಡದಾದರೆ ವರ್ಷಕ್ಕೆರಡು ಸಲ ಬಾಗಿಲು ದಾಟಿಸುವುದು ಕಷ್ಟ. ಮಣ್ಣಿನ ಕುಂಡ ಬೇಗ ಆರುತ್ತದೆ, ಹೆಚ್ಚು ನೀರು ಹಾಕುವ ಕೈಗೆ ಅದು ಒಳ್ಳೆಯದು. ಪ್ಲಾಸ್ಟಿಕ್ ಹಗುರ. ಎರಡರಲ್ಲೂ ತಳದ ತೂತು ಮುಖ್ಯ. ತಳದಲ್ಲಿ ಜಲ್ಲಿ ಹಾಸಬೇಡಿ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಂತುಬಿಡುತ್ತದೆ.

ತೋಟದ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಅಂಗಡಿಯ ಮಾಮೂಲಿ ಪಾಟಿಂಗ್ ಮಿಕ್ಸ್ ಕೂಡ ಒಂದೇ ಚಳಿಗಾಲದಲ್ಲಿ ಕುಸಿಯುತ್ತದೆ. ಭರವಸೆಯ ಮಿಶ್ರಣ ಇದು: ಸಣ್ಣ ಪೈನ್ ತೊಗಟೆ ಚೂರು 5 ಪಾಲು, ಪೀಟ್ (ಜೌಗು ನೆಲದ ಕೊಳೆತ ಪಾಚಿ) ಅಥವಾ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ 1 ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) 1 ಪಾಲು. 30 ಸೆಂಟಿಮೀಟರ್ ಕುಂಡಕ್ಕೆ ಸುಮಾರು 15 ಲೀಟರ್ ಹಿಡಿಯುತ್ತದೆ, ಅಂದರೆ ತೊಗಟೆ 11 ಲೀಟರ್, ಉಳಿದೆರಡೂ ಎರಡೆರಡು ಲೀಟರ್. ತೊಗಟೆ ಚೂರು 3ರಿಂದ 10 ಮಿಲಿಮೀಟರ್ ಇರಲಿ; ಹಾದಿಗೆ ಹಾಸುವ ದಪ್ಪ ಚೂರು ಬೇಡ. ನಿಮ್ಮ ನಲ್ಲಿ ನೀರು ಮೆದುವಾಗಿದ್ದು ಪೀಟ್ ಬಳಸಿದ್ದರೆ 4 ಲೀಟರ್ ಮಿಶ್ರಣಕ್ಕೆ ಒಂದು ದೊಡ್ಡ ಚಮಚ ಡಾಲಮೈಟ್ ಸುಣ್ಣ ಬೆರೆಸಿ. ಲಂಡನ್ ಕಡೆಯಂತೆ ಕೆಟಲಿನೊಳಗೆ ಬಿಳಿ ಪದರ ಕಟ್ಟುವ ಗಡಸು ನೀರಾದರೆ ಸುಣ್ಣವೇ ಬೇಡ. ಈ ಗಿಡಕ್ಕೆ ಮಣ್ಣಿನ ರಸಸಾರ (pH) 6ರ ಸುತ್ತ ಇದ್ದರೆ ಹಿತ.

ನೆಡುವಾಗ ಬೇರಿನ ಉಂಡೆಯ ಹೊರಗಿನ ಹಳೆಯ ಮಣ್ಣನ್ನು ಬೆರಳಿನಿಂದ ಉದುರಿಸಿ, ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಕಾಂಡದಿಂದ ಮೊದಲ ದಪ್ಪ ಬೇರು ಹೊರಡುವ ಜಾಗ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಬರಲಿ. ಕಸಿ ಕಟ್ಟಿದ ಗಂಟು ಕನಿಷ್ಠ 5 ಸೆಂಟಿಮೀಟರು ಮೇಲಿರಲಿ. ಅದು ಹೂತುಹೋದರೆ ಬುಡ ಕೊಳೆಯುತ್ತದೆ. ಕುಂಡ ಬದಲಿಸಲು ಸರಿಯಾದ ಕಾಲ ಮಾರ್ಚ್–ಏಪ್ರಿಲ್, ಹೊಸ ಚಿಗುರು ಹೊರಡುವ ಮುಂಚೆ. ಶರತ್ಕಾಲದಲ್ಲಿ ಬದಲಿಸಿದರೆ ಬೇರು ಹೊಸ ಮಣ್ಣಿಗೆ ಇಳಿಯುವಷ್ಟರಲ್ಲಿ ಚಳಿ ಬಂದುಬಿಡುತ್ತದೆ.

ನೀರು, ಗೊಬ್ಬರ

ದಿನ ಗೊತ್ತುಮಾಡಿ ನೀರು ಹಾಕುವ ಪದ್ಧತಿ ಬಿಡಿ. ನೀರು ಹಾಕಿ ಬಸಿದ ಮೇಲೆ ಒಮ್ಮೆ ಕುಂಡ ಎತ್ತಿ ತೂಕ ನೋಡಿಕೊಳ್ಳಿ; ಅದು ಗಣನೀಯವಾಗಿ ಹಗುರಾದಾಗ, ಮೇಲಿನ 3 ಸೆಂಟಿಮೀಟರು ಒಣಗಿದಾಗ, ಮತ್ತೆ ಹಾಕಿ. ಹಾಕಿದಾಗ ತಳದಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಒಂದೊಂದು ಲೋಟ ಹಾಕಿದರೆ ಮೇಲಿನ ಮಣ್ಣು ಮಾತ್ರ ಒದ್ದೆಯಾಗಿ, ಗೊಬ್ಬರದ ಲವಣ ಬೇರಿನಲ್ಲೇ ಉಳಿದು ಎಲೆಯ ತುದಿ ಕರಕಲಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಬಹಳ ಒಳ್ಳೆಯದು. ಉಪ್ಪು ಹಾಕಿ ಮೃದುಗೊಳಿಸುವ ಯಂತ್ರದ ನೀರು ಮಾತ್ರ ಖಂಡಿತ ಬೇಡ.

ನಿಂಬೆ ಜಾತಿಗೆ ಸಾರಜನಕ ಹೆಚ್ಚು, ರಂಜಕ ಬಹಳ ಕಡಿಮೆ, ಪೊಟ್ಯಾಷ್ ಮಧ್ಯಮವಾಗಿ ಬೇಕು. 5:1:3ರ ಆಸುಪಾಸಿನ ಅನುಪಾತ ಸರಿಯಾಗುತ್ತದೆ. ಟೊಮೆಟೊ ಗೊಬ್ಬರದಲ್ಲಿ ಪೊಟ್ಯಾಷ್ ಜಾಸ್ತಿ, ಸಾರಜನಕ ಸಾಲದು. ವರ್ಷವಿಡೀ ಅದನ್ನೇ ಹಾಕಿದ ಗಿಡ ಪೇಲವವಾಗಿ ನಿಲ್ಲುತ್ತದೆ. ನಿಧಾನವಾಗಿ ಕರಗುವ ಹರಳು ಗೊಬ್ಬರವಾದರೆ ಏಪ್ರಿಲಿನಲ್ಲಿ ಲೀಟರ್ ಮಿಶ್ರಣಕ್ಕೆ 3–4 ಗ್ರಾಂ. ಅದರ ಜೊತೆಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ದ್ರವ ಗೊಬ್ಬರವನ್ನು ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಕೊಡಿ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತು, ಮೆಗ್ನೀಸಿಯಂ ಇವೆಯೇ ಎಂದು ಚೀಟಿ ಓದಿ ನೋಡಿ. ತೊಗಟೆಯ ಮಿಶ್ರಣದಲ್ಲಿ ಇವು ತಾವಾಗಿ ಸಾಕಷ್ಟು ಸಿಗುವುದಿಲ್ಲ.

ಒಳಗೆ ತರುವ ವಾರ

ರಾತ್ರಿಯ ಉಷ್ಣಾಂಶ 8–10 ಡಿಗ್ರಿಗೆ ಇಳಿಯತೊಡಗಿದಾಗ ತಯಾರಿ ಶುರು ಮಾಡಿ. ಕಾಗದಿ ನಿಂಬೆಯಾದರೆ 12 ಡಿಗ್ರಿಯಲ್ಲೇ. ಮೊದಲು ಗಿಡವನ್ನು ನೆರಳಿಗೆ ಸರಿಸಿ, ಎಲೆಯ ಮೇಲೆ ಕೆಳಗೆ ಎರಡೂ ಕಡೆ ಪೈಪಿನ ನೀರಿನಿಂದ ಜೋರಾಗಿ ತೊಳೆಯಿರಿ. ಆಮೇಲೆ ಒಂದೊಂದು ಎಲೆ ತಿರುಗಿಸಿ ನಡುನರದ ಉದ್ದಕ್ಕೆ ನೋಡಿ: ಅಲ್ಲಿ ಎಳ್ಳಿಗಿಂತ ಚಿಕ್ಕ, ಕಂದು ಬಣ್ಣದ ಚಪ್ಪಟೆ ಚುಕ್ಕೆ ಅಂಟಿಕೊಂಡಿದ್ದು, ಉಗುರಿನಿಂದ ಕೆರೆದರೆ ಎದ್ದು ಬಂದರೆ ಅದು ಶಲ್ಕ ಕೀಟ. ಹೊರಗೆ ಹತ್ತು ಕೀಟ ಇದ್ದರೆ ಚಳಿಗಾಲದ ಬೆಚ್ಚನೆ ಕೋಣೆಯಲ್ಲಿ ನೂರಾಗುತ್ತದೆ. ಹಳೆಯ ಟೂತ್‌ಬ್ರಶ್ಶನ್ನು ಸೋಪಿನ ನೀರಿನಲ್ಲಿ ಅದ್ದಿ ಉಜ್ಜಿ ತೆಗೆಯಿರಿ, ವಾರ ಬಿಟ್ಟು ಮತ್ತೆ ನೋಡಿ, ಆಮೇಲೆ ಒಳಗೆ ತನ್ನಿ.

ಚಳಿಗಾಲ: ಎರಡರಲ್ಲಿ ಒಂದು ದಾರಿ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆಗೂ ಮೀರಿರುತ್ತದೆ. ಲಂಡನ್ನಿನದು ಎಂಟು ಗಂಟೆಯೂ ಇಲ್ಲ, ಅದೂ ಮೋಡ ಕವಿದದ್ದು. ಆ ಬೆಳಕಿನಲ್ಲಿ ಗಿಡವನ್ನು ಬೆಳೆಸಬೇಕೇ ಮಲಗಿಸಬೇಕೇ ಎಂಬುದನ್ನು ನೀವೇ ನಿರ್ಧರಿಸಬೇಕು. ನಡುವಿನ ದಾರಿ, ಅಂದರೆ ದಕ್ಷಿಣದ ಕಿಟಕಿ, 14–15 ಡಿಗ್ರಿಯ ಕೋಣೆ, ತಣ್ಣನೆ ನೆಲ, ಎಲೆ ಉದುರಿಸುವ ದಾರಿಯೇ.

ಮೊದಲನೆಯದು ತಂಪಾಗಿ ಮಲಗಿಸುವುದು. ಮೇಯರ್, ಕ್ಯಾಲಮೊಂಡಿನ್, ಕಮ್‌ಕ್ವಾಟ್, ಸತ್ಸುಮಾಗಳಿಗೆ ಇದು ಸುಲಭ. ಹೀಟರ್ ಇಲ್ಲದ ಕನ್ಸರ್ವೇಟರಿ (ಗಾಜಿನ ಕೋಣೆ), ಕಿಟಕಿಯಿರುವ ಗ್ಯಾರೇಜ್, ಮುಚ್ಚಿದ ವರಾಂಡ, ಎಲ್ಲಿ ಉಷ್ಣಾಂಶ 5ರಿಂದ 10 ಡಿಗ್ರಿಯಲ್ಲಿ ನಿಲ್ಲುತ್ತದೆಯೋ ಅಲ್ಲಿಡಿ. ಪ್ಯಾರಿಸ್ಸಿನ ಬಳಿ ವರ್ಸೇಲ್ಸಿನಲ್ಲಿ 1684–86ರ ನಡುವೆ ವಾಸ್ತುಶಿಲ್ಪಿ ಅರ್ದುಆಂ-ಮಾನ್ಸಾರ್ ಕಟ್ಟಿಸಿದ ಕಿತ್ತಳೆಮನೆ ಇದೇ ತತ್ವದ್ದು: ದಪ್ಪ ಗೋಡೆ, ದಕ್ಷಿಣದ ಕಿಟಕಿ, ಮರದ ಪೆಟ್ಟಿಗೆಯಲ್ಲಿ ಬೆಳೆದ ಮರಗಳು ಇಂದಿಗೂ ಅಕ್ಟೋಬರಿನಿಂದ ಮೇವರೆಗೆ ಒಳಗೆ ಮಲಗಿ ಬೇಸಿಗೆಯಲ್ಲಿ ಹೊರಬರುತ್ತವೆ. ಈ ದಾರಿಯಲ್ಲಿ ಬೇರೂ ಎಲೆಯೂ ಎರಡೂ ಸುಮ್ಮನಿರಬೇಕು. ಆದ್ದರಿಂದ ನೇರ ಬಿಸಿಲು ಬೀಳುವಂತಿದ್ದರೆ ತೆಳು ಪರದೆ ಕಟ್ಟಿ, ಕುಂಡವನ್ನು ಕಾಂಕ್ರೀಟಿನ ಮೇಲೆ ಇಡದೆ 5 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಲಗೆಯ ಮೇಲಿಡಿ. ನೀರು ಮೂರು ನಾಲ್ಕು ವಾರಕ್ಕೊಮ್ಮೆ, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ. ಗೊಬ್ಬರ ಬೇಡ. ರಾತ್ರಿಯ ಅತಿ ಕಡಿಮೆ ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಒಂದನ್ನು ಕುಂಡದ ಮಟ್ಟದಲ್ಲಿ ಇಟ್ಟುಬಿಡಿ. 3 ಡಿಗ್ರಿ ತೋರಿಸಿದ ದಿನ ಸಣ್ಣ ಹೀಟರನ್ನು ಥರ್ಮೋಸ್ಟಾಟಿಗೆ ಜೋಡಿಸಿ.

ಎರಡನೆಯದು ಬೆಚ್ಚಗೆ ಬೆಳೆಸುವುದು. ಕಾಗದಿ ನಿಂಬೆಗೆ, ತಂಪು ಜಾಗವೇ ಇಲ್ಲದ ಅಪಾರ್ಟ್‌ಮೆಂಟುಗಳಿಗೆ, ಇದೇ ಗತಿ. ಇದು ಖರ್ಚಿನದು, ಆದರೆ ಚಳಿಗಾಲದಲ್ಲೂ ಗಿಡ ಚಿಗುರುತ್ತದೆ. ಕೋಣೆ 18–22 ಡಿಗ್ರಿ ಇದ್ದರೂ ಕಿಟಕಿಯ ಬುಡದಲ್ಲಿನ ಕುಂಡದ ಮಣ್ಣು ಅದಕ್ಕಿಂತ ತುಂಬ ತಣ್ಣಗಿರಬಹುದು. ಅಡುಗೆಯ ಚುಚ್ಚು ಥರ್ಮಾಮೀಟರನ್ನು ಬೆಳಗ್ಗೆ ಮಣ್ಣಿನೊಳಗೆ ಇಳಿಸಿ ನೋಡಿ. 18ಕ್ಕಿಂತ ಕಡಿಮೆಯಿದ್ದರೆ ಕುಂಡದ ಕೆಳಗೆ ಸಸಿಗಳಿಗೆ ಬಳಸುವ ಹೀಟ್ ಮ್ಯಾಟ್ ಹಾಕಿ. ಬೆಳಕಿಗೆ ಬಿಳಿ ಫುಲ್ ಸ್ಪೆಕ್ಟ್ರಮ್ ಎಲ್‌ಇಡಿ ಗ್ರೋ ಲೈಟ್. 60 ಸೆಂಟಿಮೀಟರ್ ಅಗಲದ ಗಿಡಕ್ಕೆ ನಿಜವಾಗಿ 40–60 ವ್ಯಾಟ್ ಎಳೆಯುವಂಥದು. ಡಬ್ಬಿಯ ಮೇಲೆ ‘ಇಷ್ಟಕ್ಕೆ ಸಮ’ ಎಂದು ಬರೆದ ವ್ಯಾಟ್ ನಂಬಬೇಡಿ. ಎಲೆಯಿಂದ 30–45 ಸೆಂಟಿಮೀಟರ್ ಮೇಲೆ ತೂಗುಹಾಕಿ ಟೈಮರಿನಲ್ಲಿ ದಿನಕ್ಕೆ 12–14 ಗಂಟೆ ಉರಿಸಿ. ರೇಡಿಯೇಟರಿನಿಂದ ದೂರವಿಡಿ, ಒಣಗಾಳಿಯಲ್ಲಿ ಕೆಂಪು ನುಸಿ ಬೇಗ ಹೆಚ್ಚುತ್ತದೆ. ಎಲೆಗೆ ನೀರು ಚಿಮುಕಿಸಿದರೆ ತೇವ ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಅದರ ಬದಲು ಎರಡು ವಾರಕ್ಕೊಮ್ಮೆ ಬಚ್ಚಲಲ್ಲಿಟ್ಟು ಉಗುರುಬೆಚ್ಚನೆ ಶವರಿನಲ್ಲಿ ಎಲೆ ತೊಳೆಯುವುದು ಮೇಲು. ನೀರು ಯಾವಾಗಲೂ ಕೋಣೆಯ ಉಷ್ಣಾಂಶದ್ದಿರಲಿ. ಗೊಬ್ಬರ ತಿಂಗಳಿಗೊಮ್ಮೆ, ಅರ್ಧ ಪ್ರಮಾಣ.

ಎಲೆ ಈಗಾಗಲೇ ಉದುರಿದ್ದರೆ ಗಿಡ ಎಸೆಯಬೇಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಕೆಳಗೆ ಹಸಿರಿದ್ದರೆ ಜೀವವಿದೆ. ಬಿಸಿಲಿನಿಂದ ಸರಿಸಿ, ಮಣ್ಣನ್ನು 20 ಡಿಗ್ರಿಗೆ ಬೆಚ್ಚಗಾಗಿಸಿ, ನೀರನ್ನು ಬಹಳ ಕಡಿಮೆ ಮಾಡಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಚಿಗುರು ಬರುವವರೆಗೆ ಗೊಬ್ಬರ ಬೇಡ, ಕತ್ತರಿಯೂ ಬೇಡ. ಯಾವ ಕೊಂಬೆ ಸತ್ತಿದೆ ಎಂಬುದು ಏಪ್ರಿಲಿನಲ್ಲಿ ತಾನೇ ತಿಳಿಯುತ್ತದೆ.

ಮತ್ತೆ ಹೊರಗೆ

ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳು ಬಂದಾಗ, ಹಲವು ಊರುಗಳಲ್ಲಿ ಮೇ ಕೊನೆಗೆ, ಹೊರಗೆ ಇಡಬಹುದು. ಮೊದಲ ನಾಲ್ಕು ದಿನ ಪೂರ್ತಿ ನೆರಳು, ಮುಂದಿನ ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ಪೂರ್ತಿ ಬಿಸಿಲು. ಗಾಜಿನೊಳಗೆ ಬೆಳೆದ ಎಲೆಯನ್ನು ಒಂದೇ ದಿನ ಬಿಸಿಲಿಗಿಟ್ಟರೆ ಬಿಳಿಚಿ ಸುಡುತ್ತದೆ.

ಹೂ, ಕಾಯಿ, ಕೊಯ್ಲು

ನಿಂಬೆಗೆ ಜೋಡಿ ಗಿಡ ಬೇಡ, ತನ್ನ ಹೂವಿನಿಂದಲೇ ಕಾಯಿ ಕಟ್ಟುತ್ತದೆ. ಒಳಗೆ ಹೂ ಬಿಟ್ಟರೆ ದುಂಬಿ ಇಲ್ಲದ್ದರಿಂದ ಮೆತ್ತನೆ ಚಿತ್ರ ಬಿಡಿಸುವ ಕುಂಚವನ್ನು ಹೂವಿಂದ ಹೂವಿಗೆ ಮಧ್ಯಾಹ್ನದ ಹೊತ್ತು ಸವರಿ. ರಾಶಿ ಹೂ, ಬಟಾಣಿ ಗಾತ್ರದ ಕಾಯಿ ಉದುರಿದರೆ ಹೆದರಬೇಡಿ; ಒಳ್ಳೆಯ ತೋಟದಲ್ಲೂ ನೂರು ಹೂವಿಗೆ ಒಂದೆರಡೇ ಹಣ್ಣಾಗುವುದು. ಮೀಟರಿಗಿಂತ ಚಿಕ್ಕ ಗಿಡದಲ್ಲಿ ಮೊದಲ ವರ್ಷ ಮೂರು ನಾಲ್ಕು ಕಾಯಿ ಉಳಿಸಿ ಮಿಕ್ಕದ್ದು ತೆಗೆಯಿರಿ, ಇಲ್ಲವಾದರೆ ಕೊಂಬೆ ಬೆಳೆಯುವುದಿಲ್ಲ. ತಂಪಿನಲ್ಲಿ ಲೆಮನ್ ಹಣ್ಣಾಗಲು ಒಂಬತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಬಣ್ಣ ಬಂದ ಮೇಲೂ ವಾರಗಟ್ಟಲೆ ಗಿಡದಲ್ಲೇ ಬಿಡಬಹುದು. ಕಿತ್ತಾಗ ತೊಟ್ಟಿನ ಬಳಿ ಸಿಪ್ಪೆ ಹರಿದರೆ ಹಣ್ಣು ಬೇಗ ಕೊಳೆಯುತ್ತದೆ, ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ.

ಎಲೆ ಹೇಳುವುದು

ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ನೀರಿನ ಊರಿನಲ್ಲಿ ಸಾಮಾನ್ಯ. ಕ್ಷಾರದಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ (EDDHA) ಮಾದರಿಯ ಚಿಲೇಟೆಡ್ ಕಬ್ಬಿಣ ಕೊಡಿ. ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದಿದ್ದರೆ ಮೆಗ್ನೀಸಿಯಂ ಕೊರತೆ; ಲೀಟರ್ ನೀರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕರಗಿಸಿ ತಿಂಗಳಿಗೊಮ್ಮೆ ಹಾಕಿ. ಹಳೆಯ ಎಲೆ ಇಡೀ ಪೇಲವವಾದರೆ ಸಾರಜನಕ ಸಾಲದು. ಚಳಿಗಾಲದಲ್ಲಿ ಎಲೆ ಹಳದಿಯಾದರೆ ಗೊಬ್ಬರ ಸುರಿಯುವ ಮೊದಲು ಮಣ್ಣಿನ ಉಷ್ಣಾಂಶ ನೋಡಿ. ತಣ್ಣನೆ ಬೇರು ಇದ್ದ ಪೋಷಕಾಂಶವನ್ನೂ ಹೀರುವುದಿಲ್ಲ.

ಎಲೆ, ನೆಲ ಅಂಟಂಟಾಗಿ ಮೇಲೆ ಕಪ್ಪು ಬೂಷ್ಟು ಕೂತಿದ್ದರೆ ಶಲ್ಕ ಕೀಟ ಅಥವಾ ಹಿಟ್ಟು ತಿಗಣೆ ಇದೆ ಎಂದರ್ಥ. ಲೀಟರ್ ನೀರಿಗೆ 5–10 ಮಿಲಿಲೀಟರ್ ಶುದ್ಧ ಪೊಟ್ಯಾಶಿಯಂ ಸೋಪು ಬೆರೆಸಿ, ಕೀಟದ ಮೈಮೇಲೇ ಬೀಳುವಂತೆ ವಾರಕ್ಕೊಮ್ಮೆ ಮೂರು ನಾಲ್ಕು ಬಾರಿ ಸಿಂಪಡಿಸಿ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯೊಡೆದು ಬಂದ ಮರಿಗಳು ಉಳಿದುಬಿಡುತ್ತವೆ. ಎಳೆ ಎಲೆಯಲ್ಲಿ ಬೆಳ್ಳಿಗೆರೆಯ ರಂಗೋಲಿ ಕಂಡರೆ ಅದು ರಂಗೋಲಿ ಹುಳು, ದೊಡ್ಡ ಗಿಡಕ್ಕೆ ಅಪಾಯವಿಲ್ಲ, ಬಿಟ್ಟುಬಿಡಿ.

ಕಸಿ ಗಂಟಿನ ಕೆಳಗಿನಿಂದ ಮೂರೆಸಳಿನ ಎಲೆಯ, ಉದ್ದ ಮುಳ್ಳಿನ ಚಿಗುರು ಎದ್ದರೆ ಅದು ತ್ರಿಪರ್ಣಿ ಬೇರುಸಸಿಯದು. ಎಷ್ಟೇ ಚೆಲುವಾಗಿ ಬಂದಿದ್ದರೂ ಎಳೆಯದಿರುವಾಗಲೇ ಬುಡಸಹಿತ ಮುರಿದುಹಾಕಿ. ಚಳಿಗೆ ಮೇಲಿನ ಗಿಡ ಸತ್ತು ಇದೊಂದೇ ಬೆಳೆದು, ಕೊನೆಗೆ ಬಾಯಿಗಿಡಲಾಗದ ಕಹಿಕಾಯಿ ಬಿಟ್ಟ ಗಿಡಗಳನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು.

ನೆಲದಲ್ಲೇ ನೆಡುವ ಧೈರ್ಯವಿದ್ದರೆ

ಚಳಿಗಾಲ ಮೈನಸ್ 8ರ ಕೆಳಗೆ ಅಪರೂಪಕ್ಕೆ ಇಳಿಯುವ ಸಿಯಾಟಲ್, ಇಂಗ್ಲೆಂಡಿನ ದಕ್ಷಿಣ ಕರಾವಳಿಯಂಥ ಕಡೆ ಯುಜು, ತ್ರಿಪರ್ಣಿಯ ಮೇಲೆ ಕಸಿ ಮಾಡಿದ ಸತ್ಸುಮಾ ಪ್ರಯತ್ನಿಸಬಹುದು. ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ನೀರು ನಿಲ್ಲದ ದಿಬ್ಬ ಮಾಡಿ, ಏಪ್ರಿಲ್–ಮೇನಲ್ಲಿ ನೆಡಿ. ಆಗಸ್ಟ್ ನಂತರ ಸಾರಜನಕ ಕೊಡಬೇಡಿ. ತಡವಾಗಿ ಬಂದ ಎಳೆಚಿಗುರು ಮೊದಲ ಹಿಮಕ್ಕೇ ಕಪ್ಪಾಗಿ, ಆ ಗಾಯ ಒಳಗಿನ ಕೊಂಬೆಗೂ ಇಳಿಯುತ್ತದೆ. ನವೆಂಬರಿನಲ್ಲಿ ಕಸಿ ಗಂಟು ಮುಚ್ಚುವಂತೆ 30 ಸೆಂಟಿಮೀಟರ್ ಒಣ ತೊಗಟೆ ಪೇರಿಸಿ, ಮಾರ್ಚಿನಲ್ಲಿ ತಪ್ಪದೆ ತೆಗೆಯಿರಿ. ಕಡು ಚಳಿಯ ರಾತ್ರಿಗಳಿಗೆ ನಾಲ್ಕು ಕೋಲು ನೆಟ್ಟು, ಬಟ್ಟೆ ಎಲೆಗೆ ತಾಗದಂತೆ ಹಿಮತಡೆ ಫ್ಲೀಸ್ ಎರಡು ಪದರ ಹೊದಿಸಿ, ಅಂಚನ್ನು ನೆಲಕ್ಕೆ ಒತ್ತಿ ಕಲ್ಲಿಡಿ. ಮಣ್ಣಿನಿಂದ ಏಳುವ ಕಾವು ಒಳಗೆ ಉಳಿಯುವುದು ಹಾಗೆ ಮುಚ್ಚಿದಾಗ ಮಾತ್ರ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಬೇಡಿ, ಅದು ತಾಗಿದ ಎಲೆಯೆಲ್ಲ ಹೆಪ್ಪುಗಟ್ಟುತ್ತದೆ. ಬಿಸಿಲೇರಿದ ಮೇಲೆ ಹೊದಿಕೆ ತೆರೆದು ಗಾಳಿಯಾಡಲು ಬಿಡಿ, ಸಂಜೆ ನಾಲ್ಕಕ್ಕೆ ಮತ್ತೆ ಮುಚ್ಚಿ.